ಜಾದೂಘರದ ಪೂರ್ವ ಬಾಗಿಲು

"ಮೇಡಂ, ಟೈಲರ್ ಒಬ್ಬಾಂವ ಫೋನ್ ಮಾಡ್ಯಾನ್ರಿ. ಈಸ್ಟ್‌ನಾಗ ಹೆಣ ಬಿದ್ದದಂತ."

ಹೆಡ್ ಕಾನ್‌ಸ್ಟೆಬಲ್ ಸಿಕಂದರ ಹೀಗೆ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಹೆಸರು ಮೌನಮ್ಮ. ಯಾದಗಿರಿ ಟೌನ್ ಠಾಣೆಯ ಪಿಎಸ್‌ಐ. ಅಪ್ಪ ಹರಕೆ ಹೊತ್ತು ಇಟ್ಟ ಹೆಸರು. ಹರಕೆ ಫಲಿಸಲಿಲ್ಲ, ಬಾಯಿ ಮಾತ್ರ ಬಂತು ಎಂದು ಠಾಣೆಯವರು ಹಿಂದೆ ಆಡಿಕೊಳ್ಳುತ್ತಾರೆ.

"ಯಾವ ಟೈಲರ್? ಯಾವ ಈಸ್ಟ್? ಓಣಿ ಹೆಸರು ಕೇಳಾಕ ಬಾಯಿ ಬಿದ್ದಿತ್ತೇನು?"

"ಸ್ಟೇಷನ್ ರೋಡ್ ಜಾದೂಘರ್‌ರಿ."

ಜಾದೂಘರ್ ಎಂದರೆ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರ ಲಾಡ್ಜ್, ಅಂದರೆ ಸಭೆ ಸೇರುವ ಮನೆ. ರೈಲ್ವೆಯವರು ಬಿಟ್ಟುಹೋದ ಹಳೇ ಬಂಗಲೆ. ತಿಂಗಳಿಗೊಮ್ಮೆ, ಎರಡನೇ ಶನಿವಾರ, ಕರಿ ಕೋಟಿನವರು ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅವತ್ತೂ ಅಂಥದೇ ಶನಿವಾರ. ಒಳಗೆ ಏನು ಮಾಡುತ್ತಾರೋ ಊರಿಗೆ ಗೊತ್ತಿಲ್ಲ, ಅದಕ್ಕೇ ಊರಿಗೆ ಅವರ ಮೇಲೆ ಕಣ್ಣು ಕೆಂಪು. ಕೆನಾಲಿಗೆ ನೀರು ಬಂದ ಮೇಲೆ ಎಂಜಿನಿಯರು, ಕಾಂಟ್ರಾಕ್ಟರು, ಮಿಲ್ಲಿನ ಸಾಹುಕಾರರು ಸೇರಿ ಲಾಡ್ಜ್ ತುಂಬಿತ್ತು. ಸಭೆ, ಆಮೇಲೆ ಎಲ್ಲರೂ ಕೂಡಿ ಊಟ, ತಿಂಗಳ ಕೊನೆಗೆ ಹಳ್ಳಿಯಲ್ಲಿ ಕಣ್ಣಿನ ಶಿಬಿರ. ಒಬ್ಬರನ್ನೊಬ್ಬರು ಬ್ರದರ್ ಅನ್ನುತ್ತಾರೆ.

ನಾವು ಹೋದಾಗ ಗೇಟಿನಲ್ಲಿ ಒಬ್ಬ ಮುದುಕ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದ.

"ನೀನೇ ಏನೋ ಟೈಲರ್? ಮಷಿನ್ ಎಲ್ಲಿ ಅದ?" ಎಂದ ಸಿಕಂದರ.

"ಹೊಲಿಯೋ ಟೈಲರ್ ಅಲ್ರಿ. ಸಭಾ ನಡೀವಾಗ ಹೊರಗ ಕಾವಲು ಕಾಯಾಂವಗ ಇವರು ಟೈಲರ್ ಅಂತಾರ. ನಾ ಮನ್ಸೂರಅಲಿ."

ಬಂಗಲೆಯ ಮುಂಭಾಗ ಪೂರ್ವಕ್ಕಿದೆ. ನಾನು ಮುಂದಿನ ವರಾಂಡವೆಲ್ಲ ಹುಡುಕಿದೆ. ಹೆಣವಿಲ್ಲ.

"ಅಲ್ಲಲ್ರಿ ಮೇಡಂ, ಒಳಗ. ಮಾಸ್ಟರ್ ಸಾಹೇಬ್ರ ಖುರ್ಚಿ ಕಡಿ."

"ಮತ್ತ ಈಸ್ಟ್ ಅಂತ ಯಾಕ ಬೊಗಳಿದಿ?" ಎಂದು ಅವನ ಮೇಲೆ ಹರಿಹಾಯ್ದು ಒಳಗೆ ನಡೆದೆ. ಉತ್ತರ ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ.

ಉದ್ದನೆಯ ಹಾಲ್, ಬದಿಗೆ ಬ್ರದರುಗಳು ಸಭೆಗೆ ಕಟ್ಟಿಕೊಳ್ಳುವ ಬಿಳಿ ಏಪ್ರನ್ ಇಡುವ ಕೋಣೆ. ನೆಲಕ್ಕೆ ಕಪ್ಪು ಬಿಳಿ ಚೌಕಗಳು. ತುದಿಯಲ್ಲಿ ಎತ್ತರದ ಖುರ್ಚಿ, ಅದರ ಕೆಳಗೆ ಖಂಡಪ್ಪ ಬಿದ್ದಿದ್ದರು. ನಿವೃತ್ತ ಕೆನಾಲ್ ಎಂಜಿನಿಯರು, ಈ ವರ್ಷ ಲಾಡ್ಜಿನ ಮಾಸ್ಟರ್, ಅಂದರೆ ಅಧ್ಯಕ್ಷರು. ತಲೆ ಹಿಂದಿನಿಂದ ಒಡೆದಿತ್ತು. ಪಕ್ಕದಲ್ಲಿ ಚೌಕಾಕಾರದ ಕಲ್ಲು, ರಕ್ತ ಮೆತ್ತಿತ್ತು. ಇವರ ಪೂಜೆಗೋ ಪಾಠಕ್ಕೋ ಎರಡು ಕಲ್ಲು ಇಟ್ಟಿರುತ್ತಾರಂತೆ, ಒಂದು ಒರಟು, ಒಂದು ಕೆತ್ತಿದ್ದು. ಸುರಪುರದ ಕಡೆ ನಮ್ಮಪ್ಪ ಸಾಯುವತನಕ ಕಲ್ಲು ಕೆತ್ತಿದ. ಅವನಿಗೆ ಯಾರೂ ಬಿಳಿ ಏಪ್ರನ್ ಕಟ್ಟಿ ಬ್ರದರ್ ಅನ್ನಲಿಲ್ಲ.

ಖುರ್ಚಿಯ ಹಿಂದೆ ಪರದೆ. ಪರದೆಯ ಹಿಂದೆ ಒಂದು ಸಣ್ಣ ಬಾಗಿಲು, ಹಿತ್ತಲ ಓಣಿಗೆ. ಬಾಗಿಲಲ್ಲೇ ಕೂಡಿಸಿದ ಹಳೇ ಬೀಗ, ಒಳಗಿಂದಾಗಲಿ ಹೊರಗಿಂದಾಗಲಿ ಕೀಲಿ ತಿರುವದೆ ಬೀಳದು. ಕೀಲಿ ಹಾಕಿತ್ತು. ಕೀಲಿ ಖಂಡಪ್ಪನವರ ಜೇಬಿನಲ್ಲೇ ಇತ್ತು.

"ಇನ್ನೊಂದು ಕೀಲಿ?" ಎಂದು ಸಭೆಗೆಂದು ಬಂದು ನೆರೆದಿದ್ದ ಕರಿ ಕೋಟಿನವರನ್ನು ಕೇಳಿದೆ.

"ನನ್ನ ಹತ್ರ. ಶಹಾಪುರದ ಮನ್ಯಾಗ ಬಿಟ್ಟು ಬಂದೀನಿ," ಎಂದು ಮುಂದೆ ಬಂದವನು ಅಮರಪ್ಪ. ಲಾಡ್ಜಿನ ಕಾರ್ಯದರ್ಶಿ, ಕೆನಾಲ್ ಕಾಂಟ್ರಾಕ್ಟರ್. "ನೋಡಮ್ಮ, ಜಾಸ್ತಿ ಕೈಯಾಡಿಸಬ್ಯಾಡ. ದೊಡ್ಡ ಸಾಹೇಬರ ಪೈಕಿ ನಮ್ಮ ಬ್ರದರ್ ಅದಾರ. ನಿನ್ನ ವರ್ಗಾವಣಿ ಒಂದು ಫೋನಿನ ಕೆಲಸ."

"ಫೋನು ಅಲ್ಲೇ ಅದ, ಮಾಡ್ರಿ. ಅಷ್ಟೊತ್ತಿಗೆ ನಾ ಪಂಚನಾಮೆ ಮುಗಿಸ್ತೀನಿ."

ಅವನ ಮುಖ ಕಪ್ಪಿಟ್ಟಿತು. ಆಮೇಲೆ ದನಿ ಇಳಿಸಿ ಹೇಳಿಕೆ ಕೊಟ್ಟ.

"ಖಂಡಪ್ಪ ಸಾಹೇಬ್ರು ತಯಾರಿಗಂತ ಮೊದಲೇ ಬರ್ತಿದ್ರು. ನಾನು ಗೇಟಿನ ಎದುರು ಚಹಾದಂಗಡ್ಯಾಗ ನಿಂತಿದ್ದೆ. ಒಳಗ ಕಾಲಿಟ್ಟಿಲ್ಲ. ಆ ದೋರನಹಳ್ಳಿ ಸಾಲಿ ಮಾಸ್ತರ, ದೇವಿಂದ್ರ, ಈಸ್ಟ್ ಬಾಗಲದಿಂದ ಹೊರಗ ಬಿದ್ದ. ಇವೇ ಕಣ್ಣಿಂದ ನೋಡೀನಿ."

ಸಿಕಂದರ ಬರೆದುಕೊಂಡ: ಪೂರ್ವದ ಬಾಗಿಲು.

* * *

ದೇವಿಂದ್ರನ ಮೇಲೆ ಸಂಶಯಪಡಲು ಕಾರಣ ಬೇಕಾದಷ್ಟಿತ್ತು. ದೋರನಹಳ್ಳಿಯ ಶಾಲಾ ಶಿಕ್ಷಕ, ಬೌದ್ಧರಾದ ದಲಿತರ ಮನೆಯ ಮಗ. ಲಾಡ್ಜಿನ ಕಣ್ಣಿನ ಶಿಬಿರಕ್ಕೆ ಹಳ್ಳಿಹಳ್ಳಿ ತಿರುಗಿ ಮುದುಕರನ್ನು ಕರೆತರುತ್ತಿದ್ದವನು ಅವನೇ. ಖಂಡಪ್ಪನವರೇ ಅವನ ಹೆಸರನ್ನು ಸದಸ್ಯತ್ವಕ್ಕೆ ಸೂಚಿಸಿದ್ದರು. ಇವರ ಮತದಾನ ಗೋಲಿಯಂಥ ಗುಂಡಿನಲ್ಲಿ. ಎಲ್ಲರೂ ಪೆಟ್ಟಿಗೆಯೊಳಗೆ ಕೈ ಹಾಕಿ ಒಂದೊಂದು ಗುಂಡು ಬಿಡಬೇಕು. ಎಲ್ಲ ಬಿಳಿ ಇದ್ದರೆ ಸೇರಿಕೊಂಡ. ಒಂದೇ ಒಂದು ಕರಿ ಗುಂಡು ಬಿದ್ದರೂ ಅರ್ಜಿ ಸತ್ತಂತೆ. ಯಾರು ಹಾಕಿದರೆಂದು ಕೇಳುವಂತಿಲ್ಲ.

ಹೋದ ತಿಂಗಳು ಕರಿ ಗುಂಡು ಬಿದ್ದಿತ್ತು. ದೇವಿಂದ್ರ ಗೇಟಿನಲ್ಲಿ ನಿಂತು, "ನಿಮ್ಮನ್ನ ನೋಡ್ಕೊಂತೀನಿ!" ಎಂದು ಕೂಗಿದ್ದನ್ನು ಸ್ಟೇಷನ್ ರೋಡೆಲ್ಲ ಕೇಳಿತ್ತು.

ಅದೇ ಸಂಜೆ ಅವನನ್ನು ಹಿಡಿದು ತಂದೆವು. ಲಾಕಪ್ಪಿನಲ್ಲಿ ಅವನು ಒಂದೇ ಮಾತು ಹಿಡಿದು ಕೂತ.

"ಹೋಗಿದ್ದು ಖರೇರಿ. ಸಾಹೇಬ್ರೇ ಕರಸಿದ್ರು. ಹಿತ್ತಲ ಬಾಗಲಕ್ಕ ಬಾ, ಮುಂದ ಬಂದ್ರ ಮಂದಿ ನೋಡ್ತಾರ ಅಂದ್ರು. ಅವರೇ ಕೀಲಿ ತಗದ್ರು. ಮುಂದಿನ ತಿಂಗಳ ಮತ್ತ ನಿನ್ನ ಹೆಸರು ಇಡ್ತೀನಿ, ಊಟಕ್ಕ ನನ್ನ ಬಾಜೂಕ ಕೂಡಾಂವ ನೀನ ಅಂದ್ರು. ಬರುವಾಗ ಬಾಗಲಾ ಎಳಕೊಂಡು ಬಂದೆ. ಅವರು ಖುರ್ಚಿ ಮುಂದ ನಿಂತಿದ್ರು. ಜೀವಂತ ಇದ್ರು."

"ಹಿತ್ತಲ ಬಾಗಿಲಕ್ಕ ಕೀಲಿ ಹಾಕಿತ್ತು. ಸುಳ್ಳಿಗೂ ಒಂದು ಅಳತಿ ಬೇಕು."

"ನಾ ಹಾಕಿಲ್ರಿ. ನನ್ನ ಹತ್ರ ಕೀಲಿ ಎಲ್ಲಿಂದ ಬರಬೇಕು?"

"ಅಮರಪ್ಪ ನಿನ್ನ ಮುಂದಿನ ಬಾಗಿಲದಾಗ ನೋಡ್ಯಾನ."

"ಅವರು ದೊಡ್ಡವರು, ಅವರಿಗೆ ಎಲ್ಲಾ ಕಾಣಸ್ತದ," ಎಂದು ಗೋಡೆಯ ಕಡೆ ತಿರುಗಿದ.

ಹೊರಗೆ ಠಾಣೆಯ ಕಟ್ಟೆಯ ಮೇಲೆ ಅವನ ತಾಯಿ ಮುದುಕಮ್ಮ ಬುತ್ತಿ ಗಂಟು ಮಡಿಲಲ್ಲಿಟ್ಟು ಕುಳಿತಿದ್ದಳು. ಎಬ್ಬಿಸಿದರೂ ಏಳಲಿಲ್ಲ.

"ನಮ್ಮ ಮನಿತನದಾಗ ಪಗಾರ ತಗೊಳ್ಳಾಂವ ಇವನೊಬ್ಬನ್ರಿ. ಜೈಲಿಗಿ ಹೋದ್ರ ನೌಕ್ರಿ ಹೋಗ್ತದಂತ. ಊರಾಗ ಮಾಸ್ತರ ಅಂತಿದ್ದವರು ನಾಳಿ ಖೂನಿ ಅಂತಾರ. ನನ್ನ ಕೂಸು ಇರಬಿ ಸೈತ ತುಳದಾಂವಲ್ಲ."

ಅವಳಿಗೆ ನೀರು ಕೊಡಲಿಲ್ಲವೆಂದು ಸಿಕಂದರನ ಮೇಲೆ ರೇಗಿದೆ. ಮರುದಿನ ಸಂಜೆಯೊಳಗೆ ದೇವಿಂದ್ರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿಂದ ಸೀದಾ ಜೈಲು.

* * *

ಭಾನುವಾರ ಮಧ್ಯಾಹ್ನ ಸಿಕಂದರ ಇನ್ನೊಂದು ತಕರಾರು ತಂದ.

"ಮೇಡಂ, ಆ ಮನ್ಸೂರಅಲಿ ಹೇಳಾಕತ್ತಾನ, ಮುಂದಿನ ಬಾಗಲದಿಂದ ಒಂದು ನರಪಿಳ್ಳಿ ಸೈತ ಹೊರಗ ಬಂದಿಲ್ಲಂತ. ಕಸಂ ತಿಂತಾನ. ಚಹಾದಂಗಡಿ ತಾಯಪ್ಪನೂ ಅದನ್ನೇ ಅಂತಾನ. ಮಂದಿ ಸೇರೋ ತನಕ ಮುದುಕ ಕತ್ತಿ ಹಿಡಕೊಂಡು ಗೇಟ್ ಬಿಟ್ಟು ಅಲ್ಲಾಡಿಲ್ಲಂತ."

"ಅಮರಪ್ಪ ಚಹಾ ಕುಡದದ್ದು?"

"ಮಂದಿ ಸೇರಿದ ಮ್ಯಾಲೆ ಬಂದು ಒಂದು ಕಪ್ ಕುಡದ್ರಂತ. ಮೊದಲ ಬಂದಿದ್ರೋ ಇಲ್ಲೋ ನೆನಪಿಲ್ಲ ಅಂತಾನ. ದೊಡ್ಡವರ ಸುದ್ದಿ ನಮಗ್ಯಾಕರಿ ಅಂತಾನ. ಮುದುಕನ್ನೇ ಒಳಗ ಹಾಕೂಣೇನ್ರಿ? ಅವನೂ ದೇವಿಂದ್ರನೂ ಒಂದಾಗಿರಬೇಕು."

ಇರಬಹುದಿತ್ತು. ಮುದುಕನನ್ನು ಜೀಪಿಗೆ ಹಾಕಿಕೊಂಡು ಮತ್ತೆ ಜಾದೂಘರಕ್ಕೆ ಹೋದೆ. ಬೆದರಿಸಿ ಬಾಯಿ ಬಿಡಿಸುವುದೇ ನನ್ನ ಲೆಕ್ಕ. ಹಿಂದಿನ ದಿನದ ಊಟದ ಮೇಜುಗಳು ಹಾಗೇ ಇದ್ದವು. ಬ್ರದರುಗಳ ತಟ್ಟೆಗಳು ಬೋರಲಾಗಿ ಮಲಗಿದ್ದವು.

ಹಾಲಿನ ನಡುವೆ ನಿಂತು ಮುದುಕನನ್ನು ಕೇಳಿದೆ, "ಖರೇ ಹೇಳು. ಯಾರನ್ನ ಹೊರಗ ಬಿಟ್ಟಿ?"

ಅವನು ಬಾಯಿ ತೆರೆಯುವ ಮೊದಲೇ ನಾನು ಕಣ್ಣು ಕಿರಿದು ಮಾಡಬೇಕಾಯಿತು. ಮಾಸ್ಟರ್ ಖುರ್ಚಿಯ ಹಿಂದೆ, ಪರದೆಯ ಅಂಚಿನಿಂದ, ಹಿತ್ತಲ ಬಾಗಿಲ ಸಂದಿಯಿಂದ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನ ದಿನ ಮುಂದಿನ ವರಾಂಡದಲ್ಲಿ ಮೂರ್ಖಳಂತೆ ಹೆಣ ಹುಡುಕಿದ್ದು ನೆನಪಾಯಿತು.

"ಮನ್ಸೂರಅಲಿ, ಖಂಡಪ್ಪ ಸಾಹೇಬ್ರು ಕೂಡೋದು ಯಾವ ದಿಕ್ಕಿನಾಗ?"

"ಈಸ್ಟ್‌ನಾಗ್ರಿ."

"ಹೊತ್ತು ಅಲ್ಲೇ ಇಳಿಯಾಕತ್ತದಲ್ಲೋ, ಕಣ್ಣಿಲ್ಲೇನು?"

"ಅದು ಹೊರಗಿನವರ ದಿಕ್ಕುರಿ. ಇವರ ಒಳಗ ಮಾಸ್ಟರ್ ಕುಂತದ್ದೇ ಈಸ್ಟ್. ಹೊತ್ತು ಎಲ್ಲಿ ಬೇಕಾದ್ರ ಮುಳಗಲಿ."

ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಬದಲಿಗೆ, "ಹೋಗು, ಗೇಟಿನಾಗ ಕೂಡು," ಎಂದು ಗದರಿದೆ. ಸಿಕಂದರನಿಗೆ ಹೇಳಿದೆ, "ಎಲ್ಲಾ ಬ್ರದರುಗಳನ್ನ ಕರಸು. ಈಗಿಂದೀಗ."

* * *

ಬಂದರು. ಮುಖ ಸಿಂಡರಿಸಿಕೊಂಡೇ ಬಂದರು. ಹಿರಿಯ ಡಾಕ್ಟರೊಬ್ಬರು, "ಹೆಂಗಸರಿಗೆ ಈ ಹಾಲಿನಲ್ಲಿ ಪ್ರವೇಶವಿಲ್ಲ," ಎಂದರು. "ಹೆಣಕ್ಕ ಪ್ರವೇಶ ಇತ್ತಲ್ಲರಿ," ಎಂದೆ.

"ಅಮರಪ್ಪನವರೇ, ಒಂದು ತೊಡಕು ಬಂದದ. ಮುಂದಿನ ಬಾಗಿಲದಿಂದ ಯಾರೂ ಬಂದಿಲ್ಲಂತ ಇಬ್ಬರು ಗವಾಹಿ ಹೇಳಾಕತ್ತಾರ. ನೀವು ದೇವಿಂದ್ರನ್ನ ನೋಡಿದ್ದು ಯಾವ ಬಾಗಿಲದಾಗ? ಜರಾ ಕೈ ಇಟ್ಟು ತೋರಸ್ರಿ."

"ನಿನ್ನೆನೇ ಹೇಳೀನಲ್ಲ, ಈಸ್ಟ್ ಬಾಗಲಾ ಅಂತ! ಪೊಲೀಸರಿಗೆ ಕನ್ನಡನೂ ತಿಳಿಯಂಗಿಲ್ಲ, ಇಂಗ್ಲಿಷೂ ತಿಳಿಯಂಗಿಲ್ಲ."

ದುಡುದುಡು ನಡೆದ. ಎತ್ತರದ ಖುರ್ಚಿ ದಾಟಿದ. ಪರದೆ ಸರಿಸಿದ. ಹಿತ್ತಲ ಬಾಗಿಲ ಮೇಲೆ ಅಂಗೈ ಬಡಿದ.

"ಇದು. ಈಗ ತಿಳೀತಾ?"

"ಈಗ ತಿಳೀತು. ಚಹಾದಂಗಡಿ ಆ ಕಡೆ ಅದ, ರಸ್ತೆ ದಾಟಿ. ನಡುವ ಇಡೀ ಬಂಗಲಿ ಅದ. ಅಲ್ಲಿ ನಿಂತಾಂವಗ ಈ ಬಾಗಿಲಾ ಹೆಂಗ ಕಾಣಬೇಕು?"

ಅವನ ಕೈ ಬಾಗಿಲ ಮೇಲೇ ಉಳಿಯಿತು. ಬ್ರದರುಗಳು ಒಬ್ಬರ ಮುಖ ಒಬ್ಬರು ನೋಡಿದರು.

"ನಿಮ್ಮ ಸಾಕ್ಷಿ ಸುಳ್ಳಲ್ಲ, ಅಮರಪ್ಪ. ದೇವಿಂದ್ರ ಈ ಬಾಗಿಲದಿಂದನೇ ಹೋದ. ಆದ್ರ ಅದನ್ನ ನೋಡಬೇಕಂದ್ರ ಈ ಹಾಲಿನ ಒಳಗ ಇರಬೇಕು. ರಸ್ತ್ಯಾಗ ನಿಂತ ಮನಷ್ಯಾ ಹೊತ್ತು ಮುಳಗೋ ಕಡಿಗಿ ಪೂರ್ವ ಅನ್ನಂಗಿಲ್ಲ. ಒಳಗ ನಿಂತ ಬ್ರದರ್ ಅಂತಾನ. ನೀವು ಸುಳ್ಳು ಹೇಳಿದ್ದು ನಿಂತ ಜಾಗಾ ಒಂದೇ."

"ಮಾತಿನ ಆಟ! ಕೋರ್ಟಿನಾಗ ನಿಲ್ಲಂಗಿಲ್ಲ."

"ಕೀಲಿ ನಿಲ್ತದ. ದೇವಿಂದ್ರ ಬಾಗಿಲಾ ಬರೇ ಎಳಕೊಂಡು ಹೋದ. ಕೊಂದಾಂವ ಮುಂದಿನಿಂದ ಹೋಗಿಲ್ಲ, ಅಂದ್ರ ಇಲ್ಲಿಂದನೇ ಹೋಗಿ ಹೊರಗಿನಿಂದ ಬೀಗ ಹಾಕ್ಯಾನ. ಖಂಡಪ್ಪನವರ ಕೀಲಿ ಅವರ ಜೇಬಿನಾಗೇ ಇತ್ತು. ಸತ್ತಾಂವ ಎದ್ದು ಬಂದು ಬೀಗ ಹಾಕಂಗಿಲ್ಲ. ಉಳಿದದ್ದು ನಿಮ್ಮ ಕೀಲಿ. ಆ ಓಣಿಯಿಂದ ನೀವು ಮೊದಲೇ ಒಳಗ ಬಂದಿದ್ರಿ, ಏಪ್ರನ್ ಇಡೋ ಕೋಣ್ಯಾಗ ಇದ್ರಿ. ಖಂಡಪ್ಪನವರು ದೇವಿಂದ್ರಗ ಹೇಳಿದ ಮಾತು ಕೇಳಿದ್ರಿ. ಕೊಂದು, ಅದೇ ಬಾಗಿಲದಿಂದ ಹೋಗಿ, ಬೀಗ ಹಾಕಿ, ಸುತ್ತು ಹೊಡದು ಮುಂದಿನ ಮಂದ್ಯಾಗ ಬಂದು ಕೂಡಿದ್ರಿ. ಕೀಲಿ ಶಹಾಪುರದಾಗ ಅದ ಅಂದ್ರಲ್ಲ. ಸಿಕಂದರ, ಸಾಹುಕಾರ್ರ ಜೇಬು ನೋಡು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಅಮರಪ್ಪನ ಕೈ ತಾನೇ ಕೋಟಿನ ಜೇಬಿಗೆ ಹೋಯಿತು. ಸಿಕಂದರ ಆ ಕೈಯನ್ನೇ ಹಿಡಿದ. ಕಾರಿನ ಕೀಲಿಗಳ ಗೊಂಚಲಿನಲ್ಲಿ ಹಳೇ ಹಿತ್ತಾಳೆ ಕೀಲಿಯೊಂದಿತ್ತು. ಸಿಕಂದರ ಅದನ್ನು ಬೀಗಕ್ಕೆ ಹಾಕಿ ತಿರುವಿದ. ಬಾಗಿಲು ತೆರೆಯಿತು.

"ಯಾಕ, ಅಮರಪ್ಪ?" ಎಂದರು ಡಾಕ್ಟರು. ಅವರ ದನಿ ಸೋತಿತ್ತು.

ಆಗ ಅಮರಪ್ಪ ಸಿಡಿದ.

"ಯಾಕಾ? ಕಣ್ಣಿನ ಶಿಬಿರದಾಗ ದುಡೀಲಿ, ಯಾರು ಬ್ಯಾಡಂದ್ರು? ನನ್ನ ಬಾಜೂಕ ಕುಂತು ಉಣ್ಣೂದೇನು? ಕರಿ ಗುಂಡು ಹಾಕಿದಾಂವ ನೀನೇ ಅಂತ ಗೊತ್ತದ ಅಂದ ಖಂಡಪ್ಪ. ಮುಂದಿನ ತಿಂಗಳ ಅವ ಬರ್ತಾನ, ಬ್ಯಾಡಾದ್ರ ನೀ ಹೋಗು ಅಂದ. ನನಗ! ಈ ಲಾಡ್ಜಿಗಿ ಸುಣ್ಣ ಬಣ್ಣ ಮಾಡಿಸಿದಾಂವಗ! ಬೆನ್ನು ತಿರುವಿದ. ಕಲ್ಲು ಕೈಗಿ ಸಿಕ್ತು."

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೋಳ ಹಾಕಿದೆ. ಸ್ವಲ್ಪ ಬಿಗಿಯಾಗಿಯೇ ಹಾಕಿದೆ.

* * *

ಮ್ಯಾಜಿಸ್ಟ್ರೇಟರ ಮುಂದೆ ಹೋದದ್ದು ಅಮರಪ್ಪ. ಲಾಕಪ್ಪಿನಿಂದ ಹೊರಗೆ ಬಂದದ್ದು ದೇವಿಂದ್ರ.

ಠಾಣೆಯ ಅಂಗಳದಲ್ಲಿ ಡಾಕ್ಟರು ಮತ್ತಿಬ್ಬರು ಬ್ರದರುಗಳು ಕಾಯುತ್ತಿದ್ದರು. ಡಾಕ್ಟರು ಕೈ ಮುಂದೆ ಚಾಚಿದರು.

"ಮಾಸ್ತರ, ತಪ್ಪಾಗ್ಯಾದ. ಮುಂದಿನ ತಿಂಗಳು ನೀವು ಬರಬೇಕು. ನಾವೆಲ್ಲಾ ಮಾತಾಡೀವಿ. ಯಾರೂ ಅಡ್ಡಿ ಮಾಡಂಗಿಲ್ಲ."

ದೇವಿಂದ್ರ ಆ ಕೈಯನ್ನು ನೋಡಿದ. ಹಿಡಿಯಲಿಲ್ಲ.

"ಖಂಡಪ್ಪ ಸಾಹೇಬ್ರು ಒಬ್ಬರು ಕರದಿದ್ರಿ. ಅವರ ಜೋಡಿ ಕೂಡಾಕ ನಾ ಬರಾಂವ ಇದ್ದೆ. ಒಂದು ಮಾತು ಕೇಳ್ತೀನಿ ಡಾಕ್ಟರ. ನಿನ್ನೆ ಸಂಜಿಲಿಂದ ನಾ ಒಳಗ ಇದ್ದೆ. ಇವ ಅಂಥಾಂವಲ್ಲ ಅಂತ ಹೇಳಾಕ ನಿಮ್ಮ ಪೈಕಿ ಒಬ್ಬರಾದ್ರೂ ಠಾಣಾಕ್ಕ ಬಂದಿದ್ರೇನು?"

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಆ ಪ್ರಶ್ನೆ ನನಗೂ ತಾಗಿತು, ಆದರೆ ಅವನು ನನ್ನ ಕಡೆ ನೋಡಲಿಲ್ಲ.

ಮುದುಕಮ್ಮ ಕಟ್ಟೆಯಿಂದ ಎದ್ದು ಬಂದಳು. ಮಗನ ಗದ್ದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಎಲ್ಲಿಯಾದರೂ ಏಟು ಬಿದ್ದಿದೆಯೋ ಎಂದು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ನಾಳಿ ಇವ ಸಾಲಿಗಿ ಹೋಗಬಹುದೇನ್ರಿ?"

"ಹೋಗಬಹುದವ್ವ," ಎಂದೆ. "ಪ್ರಾರ್ಥನಾ ಹೊತ್ತಿಗೇ ಹೋಗಬಹುದು."

ತಾಯಿ ಮಗ ದೋರನಹಳ್ಳಿ ಮೇಲೆ ಹೋಗುವ ಶಹಾಪುರದ ಬಸ್ಸು ಹಿಡಿಯಲು ನಡೆದರು.