ಫೆರಿಯಲ್ಲಿ ಕಲಿತ ಉತ್ತರ

"ದ ಲ್ಯಾಂಪ್ ವಾಸ್ ಲಿಟ್ ಫಾರ್ ಮಿ, ಯೆಟ್ ಐ ಸ್ಟೇಡ್ ಔಟ್‌ಸೈಡ್!"

ಹೇಳಬೇಕಾಗಿದ್ದದ್ದು "ಸರ್, ಕಾಲ್ಗೆಜ್ಜೆ ನೋಡಿ, ಗುಡ್ ಪ್ರೈಸ್" ಅಂತ. ವಿದ್ಯಾಳ ಬಾಯಿಂದ ಬಂದದ್ದು ಮಾತ್ರ ಇಂಗ್ಲಿಷ್ ನಾಟಕದ ಸಾಲು! ಗೋವಾದ ಕಲಂಗುಟ್ ಬೀಚಿನಲ್ಲಿ ಕೊಡೆಯ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ ಯುವಕ ಗಡಬಡಿಸಿ ಎದ್ದು ಕುಳಿತ.

"ಅಯ್ಯ ಯವ್ವಾ!" ಅಂತ ಅವಳು ನಾಲಿಗೆ ಕಚ್ಚಿಕೊಂಡಳು.

ಅವನ ಮುಖ ಅರಳಿತು. "ನಮ್ಮ ಕಡಿಯವ್ರ ಅದೀರಲ್ಲ! ಈಗ ಅಂದ್ರಲ್ಲ ಆ ಮಾತು... ಅದನ್ನ ಯಾರು, ಯಾರಿಗೆ ಅಂತಾರ್ರಿ?"

ವಿದ್ಯಾ ತಬ್ಬಿಬ್ಬಾದಳು. "ಅದು... ಗೊತ್ತಿಲ್ರಿ. ಬಾಯಿಪಾಠ ಅಷ್ಟ ಮಾಡೇನಿ."

ಅವನು ನಕ್ಕ. ಆ ನಗುವಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಗೆಜ್ಜೆ ಎತ್ತಿಕೊಂಡು ಹೊರಟೇ ಹೋಗುತ್ತಿದ್ದಳು, ಅಷ್ಟು ಸಿಟ್ಟಿನ ಹುಡುಗಿ ನಮ್ಮ ವಿದ್ಯಾ.

ಇಪ್ಪತ್ತೆರಡರ ವಿದ್ಯಾ ಹತ್ತನೇ ತರಗತಿ ಮುಗಿಸಿದ ಮೇಲೆ ಶಾಲೆಗೆ ಬೆನ್ನು ಹಾಕಿ, ಅವ್ವ ಕಾಳಿಬಾಯಿಯ ಜೊತೆ ಮಣಿಸರ, ಗೆಜ್ಜೆ ಮಾರಲು ನಿಂತವಳು. ಈಗ ಹನ್ನೆರಡನೇ ತರಗತಿಯನ್ನು ಖಾಸಗಿಯಾಗಿ ಬರೆಯುತ್ತಿದ್ದಳು. ಉಳಿದ ವಿಷಯಗಳಲ್ಲಿ ಪಾಸು, ಇಂಗ್ಲಿಷಿನಲ್ಲಿ ಢಮಾರ್! ಇಂಗ್ಲಿಷ್ ಪಾಸಾಗದಿದ್ದರೆ ಅವಳು ಕನಸು ಕಂಡ ನರ್ಸಿಂಗ್ ಸೀಟು ಸಿಗುವಂತಿರಲಿಲ್ಲ.

ಬಾಯಿಪಾಠ ಅವಳಿಗೆ ನೀರು ಕುಡಿದಷ್ಟು ಸುಲಭ. ರಷ್ಯಾದವರಿಗೆ ರಷ್ಯನ್ನಿನಲ್ಲಿ, ಜರ್ಮನಿಯವರಿಗೆ ಜರ್ಮನ್ನಿನಲ್ಲಿ, ಒಂದಕ್ಷರದ ಅರ್ಥ ಗೊತ್ತಿಲ್ಲದೆಯೂ ಸರಾಗವಾಗಿ ಕೂಗಿ ಮಾರುತ್ತಿದ್ದಳು. ಪರೀಕ್ಷೆಗಿದ್ದ ಇಂಗ್ಲಿಷ್ ನಾಟಕದ ಸಾಲುಗಳನ್ನೂ ಹಾಗೆಯೇ ನುಂಗಿದ್ದಳು.

ಅವನ ಹೆಸರು ಸೋಮನಾಥ. ವಿಜಯಪುರದಲ್ಲಿ ಇಂಗ್ಲಿಷ್ ಬಿಎ ಓದಿ, ವೆರ್ಣಾದ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತಿದ್ದ.

"ರವಿವಾರ ನನಗ ಸೂಟಿ. ನಿಮಗ ಬೇಕಂದ್ರ ಹೇಳಿಕೊಡ್ತೀನ್ರಿ," ಅಂದ.

ಕೂರುವುದೆಲ್ಲಿ? ಹೋಟೆಲಿನಲ್ಲಿ ಕೂತರೆ ನೂರು ಕಣ್ಣು. ಕೊನೆಗೆ ಸಿಕ್ಕಿದ್ದು ಪಣಜಿ-ಬೇತಿ ಫೆರಿ! ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ, ಇಳಿಯದೆ ಕೂತರೂ ಯಾರೂ ಕೇಳುವುದಿಲ್ಲ. ಅವಳು ಬೇತಿಯಲ್ಲಿ ಹತ್ತುವಳು, ಅವನು ಪಣಜಿಯಲ್ಲಿ. ಮಾಂಡೋವಿ ನದಿಯ ಆ ದಂಡೆಯಿಂದ ಈ ದಂಡೆಗೆ ಬರುವಷ್ಟರಲ್ಲಿ ಒಂದು ಪ್ಯಾರಾ.

"ಉತ್ತರ ಬರೀವಾಗ ಮೊದ್ಲ ನಿಮ್ಮ ಮಾತು ಹೇಳ್ರಿ. ಆಮ್ಯಾಲ ಸಾಕ್ಷಿಗೆ ಒಂದ... ಒಂದ ಸಾಲು! ಆಮ್ಯಾಲ ಆ ಸಾಲು ಯಾಕ ತಂದ್ರಿ ಅಂತ ಬಿಡಿಸಿ ಹೇಳ್ರಿ."

"ಹೂಂನ್ರಿ ಸರ್," ಅನ್ನುವಳು. ಆದರೆ ಪೆನ್ನು ಹಿಡಿದರೆ ಕಲಿತ ಸಾಲುಗಳೆಲ್ಲ ನಾ ಮೊದಲು ನೀ ಮೊದಲು ಅಂತ ಮುಗಿಬೀಳುತ್ತಿದ್ದವು.

ಇನ್ನೊಂದು ತೊಂದರೆಯೂ ಇತ್ತು. ನದಿಯ ಗಾಳಿಗೆ ಹಾರುವ ಅವನ ಕೂದಲು, ತಪ್ಪು ತಿದ್ದುವಾಗ ಕಿರಿದಾಗುವ ಕಣ್ಣು... ಓದಬೇಕಾದ ಪುಟಕ್ಕಿಂತ ಅದನ್ನೇ ಹೆಚ್ಚು ಓದುತ್ತಿದ್ದಳು. 'ಥೂ, ನಿನಗ ನಾಚಿಕಿ ಇಲ್ಲೇನ ವಿದ್ಯಾ!' ಅಂತ ತನಗೆ ತಾನೇ ಬೈದುಕೊಳ್ಳುವಳು. ಮುಂದಿನ ಭಾನುವಾರ ಮತ್ತೆ ಹೊಸ ಕ್ಲಿಪ್ ಹಾಕಿಕೊಂಡು ಬರುವಳು.

ಪರೀಕ್ಷೆಗೆ ಮುಂಚಿನ ಭಾನುವಾರ ಬಂತು. ಅವಳು ಬರೆದ ಪ್ರಬಂಧದಲ್ಲಿ ಅವಳದೇ ಆದ ಒಂದು ಮಾತೂ ಇರಲಿಲ್ಲ, ಉದ್ದಕ್ಕೂ ಬರೀ ನಾಟಕದ ಸಾಲುಗಳು! ಸೋಮನಾಥನಿಗೆ ಕಳವಳವಾಯಿತು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲೆಂದು ಗಟ್ಟಿಯಾಗಿಯೇ ಅಂದ:

"ಹಿಂಗ ಬ್ಯಾಡ್ರಿ ವಿದ್ಯಾ! ಬೀಚಿನ್ಯಾಗ ಸರ ಮಾರ್ತೀರಲ್ಲ, ಹಂಗ ಬರೀರಿ!"

ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು. ಒಬ್ಬಳು ಕಿಸಕ್ಕನೆ ನಕ್ಕಳು.

ವಿದ್ಯಾಳ ಎದೆಯಲ್ಲಿ ಏನೋ ಮುರಿದಂತಾಯಿತು. ಇದೇ ನಗು! ಶಾಲೆಯಲ್ಲಿ 'ಬೀಚ್‌ವಾಲಿ, ಬೀಚ್‌ವಾಲಿ' ಅಂತ ಕೂಗಿ ನಕ್ಕವರಿಂದಲೇ ಅವಳು ಶಾಲೆ ಬಿಟ್ಟದ್ದು. ಇವನೂ ಅವರ ಪೈಕಿಯೇ?

"ಹೌದ್ರಿ, ಸರ ಮಾರಾಕಿನ ನಾನು! ನಿಮ್ಮಂಥ ಇಸ್ತ್ರಿ ಅಂಗಿಯವರ ಬಾಜೂಕ ಕುಂದ್ರೂ ಲಾಯಕ್ಕಿಲ್ಲ!"

"ವಿದ್ಯಾ, ಹಂಗಲ್ರಿ... ನನ್ನ ಮಾತ ಕೇಳ್ರಿ..."

ಫೆರಿ ಬೇತಿ ದಂಡೆಗೆ ತಾಗಿತು. ಅವಳು ತಿರುಗಿ ನೋಡದೆ ಗುಂಪಿನಲ್ಲಿ ಸೇರಿಹೋದಳು. ಅವನ ಫೋನು ಬಂದರೆ ಎತ್ತಲಿಲ್ಲ. ದಿಂಬಿಗೆ ಮುಖ ಒತ್ತಿ ಅತ್ತಳು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂತು. 'ನಾಟಕದ ಗಂಡ ಹೆಂಡತಿಯನ್ನು ಕೊನೆಯವರೆಗೂ ದೂರ ಇಟ್ಟವರು ಯಾರು? ಆಧಾರ ಸಹಿತ ಉತ್ತರಿಸಿ.'

ವಿದ್ಯಾ ಪೆನ್ನು ಎತ್ತಿಕೊಂಡಳು. ಸಾಲುಗಳೆಲ್ಲ ಒಂದಕ್ಕೊಂದು ಗಂಟು ಬಿದ್ದವು. ಯಾವುದನ್ನು ಎಳೆಯಲಿ? 'ದೇವರೇ, ಈ ಸಲಾನೂ ಹೋತು...' ಕಣ್ಣು ಮಂಜಾಯಿತು.

ಅಷ್ಟರಲ್ಲಿ, ಬೇಡ ಬೇಡವೆಂದರೂ, ಅವನ ಮಾತೇ ಕಿವಿಯಲ್ಲಿ ಮೊಳಗಿತು. ಬೀಚಿನ್ಯಾಗ ಮಾರ್ತೀರಲ್ಲ, ಹಂಗ...

ಹೆಂಗ ಮಾರ್ತೀನಿ ನಾನು?

ಗಿರಾಕಿಯ ಮುಂದೆ ಇಡೀ ಗಂಟು ಬಿಚ್ಚಿ ಸುರಿದರೆ ಅವರು ಓಡಿಯೇ ಹೋಗುತ್ತಾರೆ. ಮೊದಲು ಒಂದು ಮಾತು: "ಮೇಡಂ, ಇದು ಕಪ್ಪಾಗೋದಿಲ್ಲ." ಆಮೇಲೆ ಒಂದೇ ಒಂದು ಸರ ತೆಗೆದು ಅಂಗೈಮೇಲೆ ಇಡುವುದು. ಆಮೇಲೆ ಬೆರಳಿನಿಂದ ತಿಕ್ಕಿ, ಯಾಕೆ ಕಪ್ಪಾಗುವುದಿಲ್ಲ ಅಂತ ತೋರಿಸುವುದು.

ಮಾತು. ಸಾಕ್ಷಿ. ವಿವರಣೆ!

'ಅಯ್ಯೋ ನನ್ನ ಶಿವನೇ... ಅಂವ ಹೇಳಿದ್ದು ಇದನ್ನ!'

ಅಳು, ನಗು ಒಟ್ಟಿಗೆ ಬಂದವು. ಮೇಲ್ವಿಚಾರಕಿ ದುರುಗುಟ್ಟಿ ನೋಡಿದರು. ವಿದ್ಯಾ ಕಣ್ಣೊರೆಸಿಕೊಂಡು ಬರೆಯತೊಡಗಿದಳು. ಅವರನ್ನು ದೂರ ಇಟ್ಟದ್ದು ಗಂಡನ ಒಣ ಅಭಿಮಾನ. ವರ್ಷಗಳ ನಂತರ ಹಡಗಿನಿಂದ ಮರಳಿದ ಅವನಿಗಾಗಿ ಮನೆಯಲ್ಲಿ ದೀಪ ಉರಿಯುತ್ತಿದೆ, ಅವನು ಮಾತ್ರ ಅಂಗಳದಲ್ಲೇ ನಿಂತಿದ್ದಾನೆ. 'ದೀಪ ನನಗಾಗಿಯೇ ಉರಿಯುತ್ತಿತ್ತು, ನಾನೇ ಹೊರಗುಳಿದೆ.' ಅಷ್ಟು ದಿನ ಬರೀ ಸದ್ದಾಗಿದ್ದ ಸಾಲು ಅಂದು ಮೊದಲ ಸಲ ಅವಳಿಗೆ ನಾಟಿತು.

ಇಷ್ಟೆಲ್ಲ ಬರೆದವಳು ಹೊರಗೆ ಬಂದು ಏನು ಮಾಡಿದಳು ಗೊತ್ತೇ? ತಾನೂ ಅಂಗಳದಲ್ಲೇ ನಿಂತಳು! ಅವನ ನಂಬರ್ ತೆಗೆಯುವಳು, ನೋಡುವಳು, ಫೋನ್ ಕೆಳಗಿಡುವಳು. 'ಅಷ್ಟೆಲ್ಲ ಅಂದು, ಈಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ?' ವಾರಗಳು ಹಾಗೆಯೇ ಕಳೆದವು.

ಒಂದು ಶನಿವಾರ ಬೀಚಿನಲ್ಲೇ ಫಲಿತಾಂಶ ಬಂತು. ಫೋನಿನ ಪರದೆಯನ್ನು ಸೆರಗಿನ ನೆರಳಿನಲ್ಲಿ ಹಿಡಿದು ನೋಡಿದಳು. ಇಂಗ್ಲಿಷ್... ಪಾಸ್!

"ಅವ್ವಾ! ನಾ ಪಾಸಾದೆ!"

ಕಾಳಿಬಾಯಿ ಗಂಟು ಕೆಳಗೆ ಒಗೆದು ಮಗಳನ್ನು ತಬ್ಬಿಕೊಂಡಳು. ವಿದ್ಯಾಗೆ ಎಷ್ಟೋ ವರ್ಷಗಳ ಭಾರ ಇಳಿದು ಉಸಿರು ಹಗುರಾಯಿತು. ಮರುಕ್ಷಣವೇ ಬಿಕ್ಕಿದಳು. ಈ ಸುದ್ದಿಯನ್ನು ಮೊದಲು ಹೇಳಬೇಕಾದವನಿಗೆ ಹೇಳಲಾಗುತ್ತಿಲ್ಲವಲ್ಲ!

"ಆ ಸೋಮನಾಥನ ಸಲುವಾಗಿ ಅಳಾಕತ್ತೀಯೇನ?" ಅವ್ವ ಥಟ್ಟನೆ ಕೇಳಿದಳು. "ನೀವು ಜಗಳಾಡಿದ ಸಂಜೀಕ ಅಂವ ಇಲ್ಲಿಗೆ ಬಂದಿದ್ದ."

"ಏನು? ನನಗ ಯಾಕ ಹೇಳಲಿಲ್ಲ?"

"'ಪರೀಕ್ಷಾ ಮುಗಿಯೂತನ ಹೇಳಬ್ಯಾಡ್ರಿ, ಆಕಿ ತೆಲಿ ಕೆಡತೈತಿ' ಅಂದಿದ್ದ. ಆಮ್ಯಾಲ ಅವನ ಹೆಸರ ತಗದ್ರ ನೀನ ಎದ್ದು ಹೋಗ್ತಿದ್ದಿ. ಕೇಳಿಲ್ಲಿ, ಅವರವ್ವ ಗೋಮಿಬಾಯಿನೂ ಕೋಲ್ವಾ ಬೀಚಿನ್ಯಾಗ ಸರ ಮಾರಿ ಅವನ್ನ ಓದಿಸ್ಯಾಳಂತ. ನಾ ನಂಬಲಿಲ್ಲ. ಹಂಗಾದ್ರ ಮಾರಿ ತೋರ್ಸು ತಮ್ಮಾ ಅಂದೆ. ಇಸ್ತ್ರಿ ಅಂಗಿ ಮ್ಯಾಲ ನನ್ನ ಗಂಟು ಹೊತ್ತು, ದಿಲ್ಲಿ ಮಂದಿಗೆ ಎರಡು ಜೋಡಿ ಗೆಜ್ಜಿ ಮಾರಿ ಹೋದ! ಭಾಳ ಚಲೋ ಹುಡುಗ."

ಮರುದಿನ ಭಾನುವಾರ, ವ್ಯಾಪಾರ ಕುದುರುವ ದಿನ. ವಿದ್ಯಾ ಗಂಟು ಮುಟ್ಟಲೇ ಇಲ್ಲ. ಬೇತಿಗೆ ಹೋಗಿ ಫೆರಿ ಹತ್ತಿದರೆ... ಪಾಠಕ್ಕೆ ಕೂರುತ್ತಿದ್ದ ಅದೇ ಮೂಲೆಯ ಬೆಂಚಿನ ಮೇಲೆ ಸೋಮನಾಥ! ಸ್ವಲ್ಪ ಸೊರಗಿದ್ದ.

"ನೀವು... ಇಲ್ಲಿ?"

"ಪ್ರತಿ ರವಿವಾರ ಬರ್ತೀನ್ರಿ. ಯಾವ ದಂಡಿಗೆ ಬಂದು ನಿಂದರ್ತೀರೋ ಗೊತ್ತಿರಲಿಲ್ಲ, ಎರಡೂ ದಂಡಿ ನೋಡ್ಕೋತ ಇದ್ದೆ." ಅವನ ದನಿ ಇಳಿಯಿತು. "ತಪ್ಪು ನಂದ. ಅವ್ವನ ವಿಷಯ ಮೊದ್ಲ ಹೇಳಿದ್ರ ನನ್ನ ಮಾತು ನಿಮಗ ಹಂಗ ಚುಚ್ಚತಿರಲಿಲ್ಲ. ಕಾರ್ಖಾನ್ಯಾಗ ಎಲ್ಲಾರಿಂದಾನೂ ಮುಚ್ಚಿಟ್ಟಿದ್ದೆ, ನಿಮ್ಮಿಂದಾನೂ ಮುಚ್ಚಿಟ್ಟೆ. ಪರೀಕ್ಷಾ... ಏನಾತ್ರಿ?"

"ಪಾಸ್!"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ದೀರ್ಘವಾಗಿ ಉಸಿರು ಬಿಟ್ಟ. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

ವಿದ್ಯಾ ಪಕ್ಕದಲ್ಲಿ ಕುಳಿತಳು. "ಇನ್ನೊಂದು ಪ್ರಶ್ನೆಗೆ ಉತ್ತರ ತಂದೇನ್ರಿ. ಇಷ್ಟು ದಿನ ನಮ್ಮಿಬ್ಬರನ್ನ ದೂರ ಇಟ್ಟವರು ಯಾರು? ಮೊದ್ಲ ನನ್ನ ಮಾತು... ನಾನ."

"ಸಾಕ್ಷಿ?" ಅವನ ತುಟಿಯಂಚಿನಲ್ಲಿ ನಗು ಇಣುಕಿತು.

"ದೀಪ ನನಗಾಗಿಯೇ ಉರಿಯುತ್ತಿತ್ತು, ನಾನೇ ಹೊರಗುಳಿದೆ."

"ಇದನ್ನ ಯಾರು, ಯಾರಿಗೆ ಅಂತಾರ್ರಿ?"

"ವಿದ್ಯಾ ಅಂತಾಳ... ಸೋಮನಾಥಗ."

ಅವನು ಅವಳ ಕೈ ಹಿಡಿದ. "ವಿವರಣೆ?"

"ನೀವಂದ್ರ ನನಗ ಜೀವಾರಿ," ಅಂದಳು, ತಲೆ ತಗ್ಗಿಸಿ. "ಪೂರ್ತಿ ಮಾರ್ಕ್ಸ್ ಕೊಡ್ತೀರೇನು?"

"ಮಾರ್ಕ್ಸ್ ಯಾಕ? ನನ್ನನ್ನ ಕೊಟ್ಬಿಡ್ತೀನಿ!"

ಫೆರಿ ಪಣಜಿ ದಂಡೆಗೆ ತಾಗಿತು. ಸ್ಕೂಟರುಗಳೆಲ್ಲ ಗುರ್ರೆಂದು ಇಳಿದು ಹೋದವು.

"ದಂಡಿ ಬಂತು ನೋಡ್ರಿ," ಅಂದಳು ವಿದ್ಯಾ, ಕೈ ಬಿಡಿಸಿಕೊಳ್ಳದೆ.

"ಬರ್ಲಿ ಬಿಡು. ಇನ್ನೊಮ್ಮೆ ಹೋಗಿ ಬರೂಣು."