ಬಾಯಿ ಹೊಲಿದ ಕೊರಮೀನು

"ಮೀನು ಹಿಡೀರಿ, ಬ್ಯಾಡ ಅನ್ನಲ್ಲ. ಆದ್ರೆ ಬಾಯಿ ಹೊಲಿದಿರೋ ಮೀನೇನಾದ್ರೂ ಬಂದ್ರೆ ದಾರ ಬಿಚ್ಚಬ್ಯಾಡಿ. ಗಾಳದ ನೂಲು ಕತ್ತರಿಸಿ ಹಂಗೇ ನೀರಿಗೆ ಬಿಟ್ಬಿಡಿ."

ಮುತ್ಯಾಲಮ್ಮ ಇದನ್ನು ಹೇಳಿದ್ದು ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಉರುಟು ಮಾಡುತ್ತಾ, ತಲೆ ಎತ್ತದೆ. ಮಾಕಳಿದುರ್ಗದ ಬೆಟ್ಟದ ಹಿಂದಿರುವ ಸೊಣ್ಣಪ್ಪನ ಕೆರೆಯ ದಂಡೆಯಲ್ಲಿ ಮೂರು ಕಾಟೇಜುಗಳಿದ್ದವು. ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸುವವಳು ಈ ಎಪ್ಪತ್ತು ದಾಟಿದ ಮುದುಕಿ.

ಪ್ರಮೋದಾಗೆ ನಗು ತಡೆಯಲಾಗಲಿಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು ಅವಳು.

"ಬಾಯಿ ಹೊಲಿದಿದ್ರೆ ಗಾಳ ಹೆಂಗೆ ಕಚ್ಚುತ್ತಮ್ಮ? ಊಟ ಇಲ್ದೆ ಎಷ್ಟ್ ದಿನ ಬದುಕುತ್ತೆ? ಸತ್ತು ತೇಲುತ್ತೆ ಅಷ್ಟೆ."

"ಸಾಯಕ್ಕೆ ಬಿಟ್ರೆ ತಾನೆ," ಎಂದಳು ಮುದುಕಿ. ಮುದ್ದೆಯನ್ನು ತಟ್ಟೆಗಿಟ್ಟು ಸಾರು ಹುಯ್ದಳು.

ಆ ಭಾನುವಾರ ಪ್ರಮೋದಾ ಒಬ್ಬಳೇ ಬಂದಿದ್ದು ಎಲ್ಲವನ್ನೂ ಮುಂಚಿತವಾಗಿ ನೋಡಿಕೊಂಡು ಹೋಗಲು. ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕು ದಿನ, ಇಡೀ ಮನೆಯವರ ಜೊತೆ. ಇದಕ್ಕಾಗಿ ಅವಳು ದಸರಾದಿಂದಲೇ ಒಂದು ನೋಟ್‌ಬುಕ್ ತುಂಬಿಸುತ್ತಾ ಬಂದಿದ್ದಳು: ಯಾರು ಯಾವ ಮಂಚದಲ್ಲಿ, ಯಾವ ಹೊತ್ತಿಗೆ ದೋಣಿ, ರೋಹು ಮೀನಿಗೆ ಹಿಂಡಿ ಉಂಡೆ, ಕೊರಮೀನಿಗೆ ಎರೆಹುಳು. ಕಾಟೇಜಿನ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದೋ ಎಂದು ಟೇಪು ಹಿಡಿದು ಅಳೆದಳು. ಫೈಬರ್ ದೋಣಿಗೆ ಹತ್ತಿ, ಅತ್ತಿತ್ತ ಅಲುಗಾಡಿಸಿ, ಪ್ಲಾಸ್ಟಿಕ್ ಕುರ್ಚಿಯನ್ನು ಎಲ್ಲಿ ಕಟ್ಟಿದರೆ ದೋಣಿ ವಾಲುವುದಿಲ್ಲ ಎಂದು ಗುರುತು ಮಾಡಿಕೊಂಡಳು.

ಆ ಕುರ್ಚಿ ಅವಳ ಅಪ್ಪ ಅಪ್ಪಯ್ಯಣ್ಣನಿಗೆ. ಏಳು ವರ್ಷದ ಮಗಳನ್ನು ಬೂದಿಗೆರೆಯ ಕೆರೆ ಏರಿ ಮೇಲೆ ಕೂರಿಸಿ, ಗಾಳಕ್ಕೆ ಹುಳು ಸಿಕ್ಕಿಸುವುದನ್ನು ಕಲಿಸಿದವನು ಅವನೇ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಬುದ್ಧಿ ಮಾತ್ರ ಚುರುಕಾಗಿತ್ತು. ಉಣ್ಣುತ್ತಿದ್ದ, ನಗುತ್ತಿದ್ದ, ಎಡಗೈಯಲ್ಲಿ ಸೊಟ್ಟ ಅಕ್ಷರ ಗೀಚುತ್ತಿದ್ದ. ಅವನನ್ನು ಇನ್ನೊಮ್ಮೆ ಬೆಳಗಿನ ನೀರಿನ ಮೇಲೆ, ಕೈಯಲ್ಲಿ ಗಾಳ ಹಿಡಿದು ಕೂತಿರುವಂತೆ ನೋಡಬೇಕು. ಅವಳ ಯೋಜನೆಯೆಲ್ಲ ಆ ಒಂದು ಚಿತ್ರದ ಸುತ್ತ ಹೆಣೆದದ್ದು.

ಡಿಸೆಂಬರಿನಲ್ಲಿ ಬಂದರು. ಪ್ರಮೋದಾ, ಗಂಡ ಕೆಂಪರಾಜ್, ಹತ್ತು ವರ್ಷದ ಮಗಳು ದಿವ್ಯ, ಅಪ್ಪಯ್ಯಣ್ಣ. ಬಂದ ಸಂಜೆ ಮುತ್ಯಾಲಮ್ಮ ಜಿಲೇಬಿ ಮೀನಿನ ಸಾರು ಮಾಡಿದ್ದಳು. ಮುದುಕ ಮುಳ್ಳು ಬಿಡಿಸಿಕೊಂಡು ಎರಡು ಮುದ್ದೆ ಉಂಡ. ಪ್ರಮೋದಾ ಗಂಡನಿಗೆ ಹೊಲಿದ ಬಾಯಿಯ ಕತೆಯನ್ನು ನಾಟಕ ಮಾಡಿ ಹೇಳಿದಳು. ಎಲ್ಲರೂ ನಕ್ಕರು. ಒಲೆಯ ಮುಂದೆ ಕೂತಿದ್ದ ಮುತ್ಯಾಲಮ್ಮ ನಗಲಿಲ್ಲ.

ಮರುದಿನ ಬೆಳಕು ಹರಿಯುವಾಗ ಪ್ರಮೋದಾ ಒಬ್ಬಳೇ ದೋಣಿ ಬಿಚ್ಚಿದಳು. ಮೀನು ಎಲ್ಲಿ ಓಡಾಡುತ್ತಿದೆ ಎಂದು ನೋಡಿಕೊಂಡು ಎಂಟು ಗಂಟೆಗೆ ಅಪ್ಪನನ್ನು ಕರೆದೊಯ್ಯುವುದೆಂದು ನೋಟ್‌ಬುಕ್ಕಿನಲ್ಲಿತ್ತು. ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕೂತಿತ್ತು. ಹುಟ್ಟು ಹಾಕಿದ ಸದ್ದೂ ಎಲ್ಲಿಂದಲೋ ತಡವಾಗಿ ಕೇಳುತ್ತಿತ್ತು. ಬೆಟ್ಟದ ಬುಡದಲ್ಲಿ ಗೂಡ್ಸ್ ರೈಲೊಂದು ಹೋದದ್ದಷ್ಟೇ ಆಚೆಯ ಲೋಕದ ಗುರುತು.

ಮೂರನೇ ಸಲ ಎಸೆದಾಗ ನೂಲು ಬಿಗಿಯಿತು. ಎಳೆತವಿರಲಿಲ್ಲ, ಒದ್ದಾಟವಿರಲಿಲ್ಲ. ಒದ್ದೆ ಬಟ್ಟೆಯ ಗಂಟಿನ ಹಾಗೆ ಭಾರ ಮಾತ್ರ. ಸುತ್ತುತ್ತಾ ಹೋದಳು. ತೋಳುದ್ದದ ಕೊರಮೀನು ಸುಮ್ಮನೆ ಮೇಲೆ ಬಂತು. ಗಾಳ ಸಿಕ್ಕಿದ್ದು ಕಿವಿರಿಗೆ. ಬಾಯಿಗಲ್ಲ. ತುಟಿಯ ಈ ತುದಿಯಿಂದ ಆ ತುದಿಗೆ ಬಾಯನ್ನು ಹತ್ತಿರ ಹತ್ತಿರ ಕರಿ ದಾರದಲ್ಲಿ ಹೊಲಿದಿದ್ದರು. ಬಗ್ಗಿ ನೋಡಿದಳು. ದಾರವಲ್ಲ, ಹೊಸೆದ ತಲೆಗೂದಲು.

ಅವಳಿಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು. ಯಾವನೋ ಪುಂಡ ಜೀವಂತ ಪ್ರಾಣಿಗೆ ಹೀಗೆ ಮಾಡಿದ್ದಾನಲ್ಲ ಎನ್ನುವ ಸಿಟ್ಟು. ಚೀಲದಿಂದ ಸಣ್ಣ ಕತ್ತರಿ ತೆಗೆದು ಒಂದೊಂದೇ ಹೊಲಿಗೆ ಕತ್ತರಿಸಿದಳು. ಕೊನೆಯ ಹೊಲಿಗೆ ಬಿಟ್ಟಾಗ ಬಾಯಿ ತೆರೆಯಿತು. ಕೊಳೆತ ಅರಿಸಿನ, ಸುಟ್ಟ ಕೂದಲಿನ ವಾಸನೆ ಮುಖಕ್ಕೆ ರಾಚಿತು. ಮತ್ತೆ ಒಂದು ಸದ್ದು. ತಲೆಯ ಮೇಲಿನ ದೊಡ್ಡ ಹೊರೆ ಇಳಿಸಿದ ಹೆಂಗಸು ಬಿಡುವ ನಿಟ್ಟುಸಿರು.

ಮೀನಿನ ನಾಲಿಗೆಯ ಮೇಲೆ ಸುರುಳಿ ಸುತ್ತಿದ ತಾಮ್ರದ ತಗಡಿತ್ತು. ಉಗುರಿನಿಂದ ಬಿಡಿಸಿ ನೋಡಿದಳು. ಮೊಳೆಯಲ್ಲಿ ಕೊರೆದ ಹೆಸರು: ಮಾರಕ್ಕ. ಶಾಲೆಯ ಮಕ್ಕಳಿಗೆ ತೋರಿಸೋಣವೆಂದು ಜೇಬಿಗೆ ಹಾಕಿಕೊಂಡು, ಮೀನನ್ನು ನೀರಿಗೆ ಬಿಟ್ಟಳು. ಅದು ಈಜಲಿಲ್ಲ. ಕಲ್ಲಿನ ಹಾಗೆ ಇಳಿದುಹೋಯಿತು.

ದಡದಲ್ಲಿ ಕೆಂಪರಾಜ್ ಶಾಲು ಹೊದ್ದು ನಿಂತಿದ್ದ. "ಎಷ್ಟ್ ಸಿಕ್ತೇ?" ಎಂದು ಕೂಗಿದ.

ಉತ್ತರ ಹೇಳಹೋದಳು. ಬಾಯಿ ತೆರೆಯಲಿಲ್ಲ.

ತುಟಿ ಬೇರೆಯಾಗಲಿಲ್ಲ. ಮತ್ತೆ ಯತ್ನಿಸಿದಳು. ಹಲ್ಲಿಗೆ ಹಲ್ಲು, ತುಟಿಗೆ ತುಟಿ ಎರಕ ಹೊಯ್ದ ಹಾಗೆ ಕೂತಿದ್ದವು. ದಡಕ್ಕೆ ಬಂದು ಬೆರಳು ತೂರಿಸಿ ಎಳೆದುಕೊಂಡಳು. ರಕ್ತ ಬಂತೇ ಹೊರತು ಸಂದು ಬಿಡಲಿಲ್ಲ. ಕೆಂಪರಾಜ್ ಮೊದಲು ನಕ್ಕ, ಆಮೇಲೆ ಅವಳ ಕಣ್ಣು ನೋಡಿ ಕೈಲಿದ್ದ ಟಾರ್ಚು ಬೀಳಿಸಿದ.

ಕಾರು ತೆಗೆದರು. ಕೆರೆ ಏರಿ ದಾಟಿ ಡಾಂಬರು ರಸ್ತೆ ಸೇರಿದ್ದೇ ತಡ, ಅವಳ ಮೂಗಿನ ಹೊಳ್ಳೆಗಳೂ ಮುಚ್ಚತೊಡಗಿದವು. ಒಳಗೆ ಯಾರೋ ಹತ್ತಿ ಗಿಡಿಯುತ್ತಿದ್ದ ಹಾಗೆ. ಉಸಿರಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಹಿಂದಿನ ಸೀಟಿನಲ್ಲಿ ದಿವ್ಯ ಕಿರುಚಿಕೊಂಡಳು. ಕೆಂಪರಾಜ್ ಹೆದರಿ ಗಾಡಿ ತಿರುಗಿಸಿದ. ಏರಿಯ ಈಚೆಗೆ ಬಂದರೆ ಉಸಿರು. ಆಚೆ ಹೋದರೆ ಇಲ್ಲ. ಮೂರು ಸಲ ಹೋದರು, ಮೂರು ಸಲವೂ ಅದೇ.

ಊರಿಂದ ಡಾಕ್ಟರನ್ನೇ ಕರೆತಂದ. ಅವರು ಧನುರ್ವಾಯು ಇರಬಹುದು ಎಂದು ಇಂಜೆಕ್ಷನ್ ಕೊಟ್ಟು, ಕಿಟಕಿಯ ಸರಳಿಗೆ ಗ್ಲೂಕೋಸ್ ಬಾಟಲಿ ನೇತುಹಾಕಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಸೇರಿಸಿ ಎಂದರು. ಅವರು ಕಳಿಸಿದ ಆಂಬುಲೆನ್ಸಿನಲ್ಲಿ, ಆಕ್ಸಿಜನ್ ಹಾಕಿದ್ದರೂ, ಅದೇ ಏರಿಯ ಮೇಲೆ ಅವಳು ನೀಲಿಯಾದಳು. ಡ್ರೈವರ್ ಹಿಂದೆ ತಂದು ಇಳಿಸಿ, ಕೈ ಮುಗಿದು ಹೊರಟುಹೋದ.

ಎರಡನೇ ದಿನ ಸಂಜೆ ಬಾಟಲಿಯ ನೀರು ರಕ್ತನಾಳಕ್ಕೆ ಇಳಿಯುವುದನ್ನು ನಿಲ್ಲಿಸಿತು. ಸೂಜಿ ಎಲ್ಲಿ ಚುಚ್ಚಿದರೂ ಹನಿ ಅಲ್ಲೇ ನಿಲ್ಲುತ್ತಿತ್ತು. ಕೆರೆಯ ಪಕ್ಕದಲ್ಲೇ ಮಲಗಿದ್ದ ಪ್ರಮೋದಾಳ ನಾಲಿಗೆ ಬಾಯೊಳಗೆ ಒಣಗಿ ಚಕ್ಕೆಯಾಗುತ್ತಿತ್ತು. ಜೇಬಿನ ತಗಡನ್ನು ತೆಗೆದು ಮುತ್ಯಾಲಮ್ಮನ ಮುಂದಿಟ್ಟಳು.

ಮುದುಕಿ ಅದನ್ನು ಸೆರಗಿನಲ್ಲಿ ಒರೆಸಿ ನೋಡಿದಳು. "ನಮ್ಮಕ್ಕ," ಎಂದಳು.

ಆಮೇಲೆ ಹೇಳಿದಳು. ಮಾರಕ್ಕ ಒಂದು ಕೊಲೆ ನೋಡಿದ್ದಳು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತೇನೆಂದು ಹೊರಟಿದ್ದಳು. ಆಗದವರು ಮಂತ್ರವಾದಿಯನ್ನು ಹಿಡಿದು, ಅವಳ ಹೆಸರನ್ನು ಮೀನಿನ ಬಾಯಿಗಿಟ್ಟು, ಅವಳ ಕೂದಲಿನಲ್ಲೇ ಹೊಲಿದು ಕೆರೆಗೆ ಬಿಟ್ಟರು. ಅವಳ ಬಾಯಿ ಕಟ್ಟಿತು. ಐದನೇ ದಿನ ಸತ್ತಳು.

"ಅಕ್ಕ ಸತ್ರೂ ಕಟ್ಟು ಸಾಯ್ಲಿಲ್ಲ. ಮೀನಲ್ಲೇ ಕೂತ್ಕಂತು. ಬಿಚ್ಚಿದೋರ ಬಾಯಿಗೆ ಬರುತ್ತೆ."

"ತೆಗೆಯೋದು ಹೆಂಗೆ?" ಕೆಂಪರಾಜ್ ಕೇಳಿದ.

"ತೆಗೆಯಕ್ಕಾಗಲ್ಲ. ದಾಟಿಸ್ಬೋದು. ಈ ಕೆರೆದೇ ಮೀನು ಹಿಡಿದು, ಅದೇ ತಗಡಿನ ಹಿಂದ್ಗಡೆ ಇನ್ನೊಂದು ಹೆಸರು ಬರೆದು, ಇವಳ ಕೂದಲಲ್ಲಿ ಹೊಲಿದು ಬಿಡ್ಬೇಕು."

"ನನ್ ಹೆಸರು ಬರೀತೀನಿ."

"ಒಂದೇ ರಕ್ತ ಆಗ್ಬೇಕಪ್ಪಾ. ನೀನು ಆಗಲ್ಲ." ಮುದುಕಿಯ ದನಿ ಇಳಿಯಿತು. "ಅವತ್ತು ನಮ್ಮವ್ವ ನನ್ನ ಹೆಸರು ಬರೆಸೋಕೆ ಹೊರಟಿದ್ಲು. ಅಕ್ಕ ಒಪ್ಲಿಲ್ಲ. ಬರೆಯೋ ಮೊಳೆ ಕಿತ್ಕೊಂಡು ಕೆರೆಗೆ ಎಸೆದ್ಲು."

ಕೋಣೆಯ ಮೂಲೆಯ ಮಂಚದಲ್ಲಿ ದಿವ್ಯ ಮಲಗಿ ನಿದ್ರೆ ಹೋಗಿದ್ದಳು. ಯಾರೂ ಆ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಪಟ್ಟ ಕಷ್ಟವೇ ಎಲ್ಲವನ್ನೂ ಹೇಳುತ್ತಿತ್ತು.

ಟಕ್. ಟಕ್. ಅಪ್ಪಯ್ಯಣ್ಣ ಎಡಗೈ ಉಂಗುರದಿಂದ ಗಾಲಿಕುರ್ಚಿಯ ಕಬ್ಬಿಣ ಬಡಿಯುತ್ತಿದ್ದ. ಎಲ್ಲರೂ ತಿರುಗಿದಾಗ ತೋರುಬೆರಳನ್ನು ತನ್ನ ಎದೆಗೆ ಒತ್ತಿಕೊಂಡ.

ಪ್ರಮೋದಾ ದಿವ್ಯಳ ಡ್ರಾಯಿಂಗ್ ಪುಸ್ತಕ ಎಳೆದುಕೊಂಡು ಬರೆದಳು. ಬೇಡ. ಇಡೀ ಹಾಳೆ ತುಂಬ ಬೇಡ, ಬೇಡ, ಬೇಡ. ಅಪ್ಪನ ಕಾಲು ಹಿಡಿದಳು. ತಗಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಅವನು ಅದನ್ನು ಎಡಗೈ ಮುಷ್ಟಿಯಲ್ಲಿ ಹಿಡಿದಾಗಿತ್ತು. ಆ ಮುಷ್ಟಿ ಬಿಡಿಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಮೂರನೇ ಬೆಳಗ್ಗೆ ಎಚ್ಚರವಾದಾಗ ಅವಳ ಜಡೆ ಅರ್ಧವಾಗಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು.

ತಳ್ಳಿದಳು. ಗುದ್ದಿದಳು. ಭುಜ ಕೊಟ್ಟಳು. ಬಾಗಿಲಿನಾಚೆ ಯಾರೋ ಬೆನ್ನು ಕೊಟ್ಟು ಕೂತಿದ್ದರು.

"ಸುಮ್ಕಿರವ್ವ," ಮುತ್ಯಾಲಮ್ಮನ ದನಿ. "ನಿಮ್ಮಪ್ಪ ಚಿಲಕ ಹಾಕು ಅಂತ ಕೈ ಮಾಡ್ದ. ನಿನ್ ಗಂಡ ಅಳ್ತಾ ಹಾಕ್ದ. ಉಳ್ಕೊಂಡೋರ ಪಾಡು ನಂಗೊತ್ತು ಕಣವ್ವ. ಐವತ್ತು ವರ್ಷದಿಂದ ಈ ಕೆರೆ ಬಿಟ್ಟು ಹೋಗಕ್ಕಾಗಿಲ್ಲ ನಂಗೆ. ನನ್ನ ಯಾರೂ ಕಟ್ಟಿಲ್ಲ, ಆದ್ರೂ."

ಪ್ರಮೋದಾ ಕಿಟಕಿಗೆ ಬಂದಳು. ಸರಳು ಹಿಡಿದಳು.

ಮಂಜು ಎದ್ದು ಹೋಗಿತ್ತು. ಎಳೆ ಬಿಸಿಲು. ಕೆರೆಯ ನಡುವೆ ದೋಣಿ. ತಾನು ಗುರುತು ಮಾಡಿದ ಜಾಗದಲ್ಲೇ ಕಟ್ಟಿದ ಕುರ್ಚಿ. ಅದರಲ್ಲಿ ಅಪ್ಪ, ಬೆನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಗಾಳದ ಕೋಲು ಹಿಡಿದು ಕೂತಿದ್ದ. ಮೂರು ತಿಂಗಳು ಅವಳು ಕಣ್ಣು ಮುಚ್ಚಿದಾಗೆಲ್ಲ ಕಂಡ ಚಿತ್ರ. ಒಂದು ಗೆರೆಯೂ ಹೆಚ್ಚುಕಮ್ಮಿಯಿಲ್ಲ. ನೀರಿಗೆ ಬಗ್ಗಿದ ಆ ಕತ್ತು, ನೂಲಿನ ಮೇಲೆ ನೆಟ್ಟ ಆ ದೃಷ್ಟಿ. ಅವನು ಸುಖವಾಗಿದ್ದ. ಅಷ್ಟು ದೂರದಿಂದಲೂ ಅದು ಕಾಣುತ್ತಿತ್ತು.

ಸಿಗದಿರಲಿ. ಇವತ್ತು ಒಂದೂ ಸಿಗದಿರಲಿ.

ಕೋಲು ಬಾಗಿತು.

ಅಪ್ಪ ಆತುರಪಡಲಿಲ್ಲ. ಎಡಗೈಯೊಂದರಲ್ಲೇ ಆಡಿಸಿದ, ಸಡಿಲ ಬಿಟ್ಟ, ಮತ್ತೆ ಎಳೆದ. ಬೆಳ್ಳಿಯಂತೆ ಏನೋ ಮಿಂಚಿತು. ದೋಣಿಯಲ್ಲಿ ಅಪ್ಪನ ಕಾಲ ಬಳಿ ಕೂತಿದ್ದ ಕೆಂಪರಾಜ್ ಬಗ್ಗಿದ. ಮೊಣಕೈ ಮೇಲೆದ್ದಿತು, ಇಳಿಯಿತು. ಮೇಲೆದ್ದಿತು, ಇಳಿಯಿತು. ಹೊಲಿಗೆ. ಒಂದೊಂದೇ ಹೊಲಿಗೆ. ಅವಳು ತಲೆಯನ್ನು ಸರಳಿಗೆ ಚಚ್ಚಿಕೊಂಡಳು. ಕಿರುಚಿದಳು. ಕಿರುಚಾಟ ಗಂಟಲವರೆಗೆ ಬಂದು ಹಿಂದಕ್ಕೆ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕೆಂಪರಾಜ್ ಎರಡೂ ಕೈ ನೀರಿಗಿಳಿಸಿದ. ಬೇಡ. ಬೇಡ. ಬಿಡಬೇಡ.

ಕೈ ಬರಿದಾಗಿ ಮೇಲೆ ಬಂದವು.

"ಅಪ್ಪಾ!"

ಕೂಗು ಕೆರೆಯ ಮೇಲೆ ಹಾದು ಬೆಟ್ಟಕ್ಕೆ ಬಡಿಯಿತು. ಕೊಕ್ಕರೆಗಳು ಎದ್ದವು. ಯಾರು ಕೂಗಿದರೆಂದು ಅರೆಕ್ಷಣ ಅವಳಿಗೇ ತಿಳಿಯಲಿಲ್ಲ. ಆಮೇಲೆ ಒಣಗಿದ ತುಟಿಯ ಮೇಲೆ ತಣ್ಣನೆ ಗಾಳಿ ಆಡಿದ್ದು ಗೊತ್ತಾಯಿತು. ಬಾಯಿ ತೆರೆದಿತ್ತು.

ಮುತ್ಯಾಲಮ್ಮ ಚಿಲಕ ತೆಗೆದಳು. ಪ್ರಮೋದಾ ಓಡಿದಳು, ಬಿದ್ದಳು, ಎದ್ದು ಮೊಣಕಾಲುದ್ದದ ನೀರಿಗೆ ಇಳಿದು, ದಡಕ್ಕೆ ಬಂದ ದೋಣಿಯ ಅಂಚು ಹಿಡಿದಳು. ಕೆಂಪರಾಜನ ಬೆರಳುಗಳೆಲ್ಲ ರಕ್ತ. ಅವನು ಅವಳ ಮುಖ ನೋಡಲಿಲ್ಲ. ಅಪ್ಪಯ್ಯಣ್ಣನ ತುಟಿಗಳು ಒಂದೇ ಗೆರೆಯಾಗಿ ಕೂಡಿದ್ದವು.

"ಯಾಕಪ್ಪ? ಯಾಕ್ ಹಿಂಗ್ ಮಾಡ್ದೆ? ನಾನ್ ಬೇಡ ಅಂದೆ ತಾನೆ? ಬೇಡ ಅಂತ ಬರೆದೆ ತಾನೆ?" ಮಾತು ನಿಲ್ಲದೆ ಸುರಿಯುತ್ತಿತ್ತು. ಅವನು ಎಡಗೈ ಚಾಚಿ ಅವಳ ಬಾಯಿಯ ಮುಂದೆ ಅಂಗೈ ಹಿಡಿದ. ಉಸಿರು ತಾಗುವುದನ್ನು ನೋಡುತ್ತಿದ್ದ.

ಅಡುಗೆಮನೆ ಕಡೆಯಿಂದ ದಿವ್ಯ ಬರಿಗಾಲಲ್ಲಿ ಓಡಿಬಂದಳು. "ಅಮ್ಮ ಮಾತಾಡ್ತಿದಾಳೆ! ತಾತಾ, ಅಮ್ಮಂಗೆ ವಾಸಿಯಾಯ್ತು!" ದಡದ ಮೇಲೆ ಎರಡು ಸಲ ಕುಣಿದಳು. ಆಮೇಲೆ ತಾತ ಚಳಿಯಲ್ಲಿ ನಡುಗುತ್ತಿರುವುದನ್ನು ಕಂಡಳು.

"ತಾತಾ, ನೀನಿನ್ನೂ ಕಾಫಿ ಕುಡಿದಿಲ್ಲ ಅಲ್ವಾ? ಇರು, ತರ್ತೀನಿ."

ಯಾರೂ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಮತ್ತೆ ಕಾಣಿಸಿಕೊಂಡಳು. ಬಿಸಿ ಲೋಟವನ್ನು ಲಂಗದ ಅಂಚಿನಲ್ಲಿ ಹಿಡಿದು, ಒಂದು ಹನಿಯೂ ತುಳುಕದ ಹಾಗೆ, ಹುಲ್ಲಿನ ಮೇಲೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾ ಅವರ ಕಡೆಗೆ ಬರುತ್ತಿದ್ದಳು.