ಮೊಗ್ಗು ನಲುಗದ ಹಾಗೆ

“ಒಂದು ಮೊಗ್ಗು ಹಿಡಿಯಲಿಕ್ಕೆ ಆಗದವನು ನಿನ್ನ ಕೈ ಹಿಡೀತಾನಾ? ನಾಚಿಕೆ ಉಂಟಾ ನಿನಗೆ?”

ಅಲೋಶಿಯಸ್ ಕೂಗಿದ ರಭಸಕ್ಕೆ ಜಗಲಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು. ಅವನ ತಂಗಿ ಆನ್ಸಿಲ್ಲಾ ಕದಲಲಿಲ್ಲ. ಅವಳ ಮುಂದೆ ಬಾಳೆ ಎಲೆ, ಎಲೆಯ ಮೇಲೆ ಬೆಳಗ್ಗೆ ಕೊಯ್ದ ಮಲ್ಲಿಗೆ ಮೊಗ್ಗು. ಎದುರಿಗೆ ಜೆಫ್ರಿ. ಅವನ ಬಲಗೈಯಲ್ಲಿ ನಲುಗಿ ಹೋದ ನಾಲ್ಕು ಮೊಗ್ಗು.

ಮದುವೆ ಮಾತಾಡಲು ಬಂದವನ ಎದುರಿಗೆ ಮೊಗ್ಗಿನ ರಾಶಿ ತಳ್ಳಿ, ಕಟ್ಟಿ ತೋರಿಸು ಎಂದವನು ಅಲೋಶಿಯಸ್ಸೇ. ಎಂಥ ಕೆಟ್ಟ ಬುದ್ಧಿ ನೋಡಿ!

ಒಂದು ಕಾಲದಲ್ಲಿ ಇದೇ ಜಗಲಿಯಲ್ಲಿ ಜೆಫ್ರಿ ಅವಳಿಗೆ ಸರಿಸಮನಾಗಿ ಹೂ ಕಟ್ಟುತ್ತಿದ್ದ. ಕಾಪುವಿನಲ್ಲಿ ಕಿಟಕಿಗೆ ಗಾಜು ಕೂರಿಸುವ ಕೆಲಸ ಅವನದು. ರಜೆ ಸಿಕ್ಕಿದರೆ ಸಾಕು, ಬೆಳಗ್ಗೆಯೇ ಶಂಕರಪುರದ ಈ ಮನೆಗೆ ಹಾಜರು. ಇಬ್ಬರೂ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಬಾಳೆನಾರು ಸಡಿಲವಾದರೆ ಕಣ್ಣಿಗಿಂತ ಮೊದಲು ಬೆರಳ ತುದಿಗೆ ತಿಳಿಯುತ್ತಿತ್ತು. ಜಾರದಷ್ಟು ಬಿಗಿ, ನಲುಗದಷ್ಟು ಮೆತ್ತಗೆ... ಆ ಹದ ಬೆರಳಿಗೇ ಗೊತ್ತು. ನಿನ್ನ ಗಂಟನ್ನು ಕಣ್ಣು ಮುಚ್ಚಿ ಮುಟ್ಟಿದರೂ ಹೇಳಿಯೇನು ಎಂದು ಅವಳು ನಗುತ್ತಿದ್ದಳು.

ಕಳೆದ ವರ್ಷ ಗಾಜು ಒಡೆದು ಅವನ ಮಣಿಕಟ್ಟು ಸೀಳಿತು. ಮಣಿಪಾಲದಲ್ಲಿ ನರ ಹೊಲಿದರು. ಬೆರಳು ಮಡಚಿತು, ಬಿಚ್ಚಿತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಮರಳಲಿಲ್ಲ. ಎಷ್ಟು ಒತ್ತಿದೆನೆಂದು ಬೆರಳೇ ತಿಳಿಸದಿದ್ದರೆ ಕೈ ಒತ್ತುತ್ತಲೇ ಹೋಗುತ್ತದೆ. ಅದರಲ್ಲಿ ಅವನ ತಪ್ಪೇನು?

ಆಮೇಲೆ ಆರು ತಿಂಗಳು ಅವನು ಈ ಕಡೆ ಸುಳಿಯಲಿಲ್ಲ. ಅವನ ಮನಸ್ಸು ಬದಲಾಯಿತು ಎಂದುಕೊಂಡು ಆನ್ಸಿಲ್ಲಾ ಅತ್ತಳು. ನಿನ್ನೆ ಫೋನಿನಲ್ಲಿ ಜಗಳಾಡಿ ಕರೆಸಿದವಳೂ ಅವಳೇ.

ಈಗ ಜೆಫ್ರಿ ಎದ್ದ. ಅಲೋಶಿಯಸ್ ಹೇಳಿದ್ದೇ ಸರಿ ಎಂದು ಮೆಲ್ಲಗೆ ನುಡಿದು ಅಂಗಳಕ್ಕಿಳಿದ.

“ಹೋಗಲಿ ಬಿಡು. ಹೂ ಕೊಳ್ಳುವ ಏಜೆಂಟ್ ಬರುವ ಹೊತ್ತಾಯಿತು, ಬೇಗ ಕಟ್ಟು” ಎಂದ ಅಣ್ಣ.

ಅವಳು ನೆನೆಸಿದ ನಾರು ಕೆಳಗಿಟ್ಟಳು. “ನೀನೇ ಕಟ್ಟು. ನಿನ್ನ ಬೆರಳು ಸರಿ ಉಂಟಲ್ಲ.”

ಗೇಟಿನ ಹೊರಗೆ ಓಡಿ ಜೆಫ್ರಿಯ ಬಲಗೈ ಹಿಡಿದಳು. ಅವನು ಕೊಸರಿದ.

“ಆರು ತಿಂಗಳು ಯಾಕೆ ಬರಲಿಲ್ಲ ಮಾರಾಯ?”

“ನೀನು ಹೀಗೆ ಕೈ ಹಿಡೀತಿ ಅಂತ ಹೆದರಿಕೆ. ಹಿಡಿದರೂ ನನ್ನ ಬೆರಳಿಗೆ ಗೊತ್ತಾಗುವುದಿಲ್ಲ... ಅದು ನಿನಗೆ ಗೊತ್ತಾಗ್ತದೆ ಅಂತ.”

“ಒಂದು ಬೆರಳಿಗೂ ಗೊತ್ತಾಗುವುದಿಲ್ವಾ?”

ಅವನು ಕಿರುಬೆರಳು ಆಡಿಸಿದ. “ಕಿರುಬೆರಳಿನ ನರ ಬೇರೆ. ಅದು ತುಂಡಾಗಲಿಲ್ಲ.”

ಆನ್ಸಿಲ್ಲಾ ಹಿಡಿತ ಬಿಟ್ಟು, ತನ್ನ ಕಿರುಬೆರಳನ್ನು ಅವನ ಕಿರುಬೆರಳಿಗೆ ಸಿಕ್ಕಿಸಿದಳು. “ಈಗ?”

“ಒದ್ದೆ ಉಂಟು.” ಅವನ ಕಿರುಬೆರಳು ಬಿಗಿಯಾಯಿತು. “ನಾರು ನೆನೆಸಿದ ನೀರು, ಅಲ್ವಾ?”

“ಹೌದು. ನನಗೆ ಇಷ್ಟು ಸಾಕು. ನಡಿ.”

ತಂಗಿ ಬಂದೇ ಬರುತ್ತಾಳೆಂದು ಅಲೋಶಿಯಸ್ ಕಾದ. ಏಜೆಂಟ್ ಎರಡು ಸಲ ಹಾರ್ನ್ ಹೊಡೆದು ಹೋದ. ಸಂಜೆಗೆ ಬಾಳೆ ಎಲೆಯ ಮೇಲಿನ ಮೊಗ್ಗೆಲ್ಲ ಅರಳಿ ಜಗಲಿ ತುಂಬ ಪರಿಮಳ.

ಆನ್ಸಿಲ್ಲಾ ಆ ಮನೆಗೆ ಮತ್ತೆ ಬರಲಿಲ್ಲ.